ನಿಲ್ಲದೆ ಸಾಗು, ಮಳೆರಾಯ

ಮಳೆರಾಯ, ಬರಬೇಡವೆಂದು ನಿನ್ನನ್ನು ಬೇಡಲಾರೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯಿಂದ ನೀನು ಬಾರದಿದ್ದರೆ ತಮಿಳುನಾಡಿನ ಕೆರೆಗಳು ತುಂಬುವುದಿಲ್ಲ, ನಮ್ಮ ಕೋಲಾರದವಕ್ಕೂ ಆಸೆ ಉಳಿಯುವುದಿಲ್ಲ. ನನ್ನ ಅರಿಕೆ ಇಷ್ಟೇ: ದಡ ಹತ್ತಿದ ಮೇಲೆ ನಿಂತಲ್ಲೇ ನಿಲ್ಲಬೇಡ.

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಎಂಬ ಹೆಸರು ಹೊತ್ತು ಪುದುಚೇರಿಯ ಬಳಿ ನೆಲಕ್ಕೆ ಕಾಲಿಟ್ಟೆ. ಗಾಳಿಯ ವೇಗ ಗಂಟೆಗೆ 70-80 ಕಿ.ಮೀ.; ಚಂಡಮಾರುತಗಳಲ್ಲಿ ಅದು ದೊಡ್ಡದೇನಲ್ಲ. ನೆಲ ಸಿಕ್ಕೊಡನೆ ನೀನು ಸೌದೆ ಎಳೆದ ಒಲೆಯ ಹಾಗೆ ಆರಿಹೋಗುತ್ತೀಯೆಂದು ಜನ ನಂಬಿದ್ದಾರೆ. ಗಾಳಿಯ ಮಟ್ಟಿಗೆ ನಿಜವೇ. ಬೆಚ್ಚನೆಯ ಕಡಲಿನ ಆವಿ ಮೋಡವಾಗುವಾಗ ಬಿಡುವ ಶಾಖವೇ ನಿನ್ನ ಬಲ. ನೆಲದ ಮೇಲೆ ಆ ಆವಿ ತಪ್ಪುತ್ತದೆ, ಒಣಗಾಳಿ ಒಳನುಗ್ಗುತ್ತದೆ, ನಡುವಿನ ಎತ್ತರದ ಮೋಡಗಳು ಕುಸಿಯುತ್ತವೆ. ಆದರೆ ಮರ, ಮನೆ, ಗುಡ್ಡಗಳಿಗೆ ತಾಗಿ ನಿಧಾನವಾದ ಗಾಳಿ ನಿನ್ನ ಕೇಂದ್ರದ ಕಡೆಗೆ ತಿರುಗುತ್ತದೆ. ಕಡಲಿಂದ ಬರುವ ತೇವದ ಗಾಳಿ ಹಿಂದಿನಿಂದ ಒತ್ತುತ್ತದೆ. ಎರಡೂ ಕೂಡಿದಲ್ಲಿ ಮೇಲೇರದೆ ಗತ್ಯಂತರವಿಲ್ಲ. ನಡುವೆ ಸತ್ತ ಮೋಡ ಅಂಚಿನ ಪಟ್ಟಿಗಳಲ್ಲಿ ಮತ್ತೆ ಹುಟ್ಟುತ್ತದೆ.

ಪುದುಚೇರಿಯ ಮೇಲೆ ಗಂಟೆಗಟ್ಟಲೆ ನೀನು ಕದಲಲಿಲ್ಲ. ಬಲಗುಂದಿ ಒಳನಾಡಿಗೆ ಸರಿದ ಮೇಲೆ, ಕಡಲಿಗೆ ಬಲು ದೂರದ ಕೃಷ್ಣಗಿರಿ ಜಿಲ್ಲೆಯ ಊತ್ತಂಗರೈಯಲ್ಲಿ ಒಂದೇ ದಿನಕ್ಕೆ 50 ಸೆಂ.ಮೀ. ಸುರಿದೆ. ತಿರುವಣ್ಣಾಮಲೈಯಲ್ಲಿ ಬೆಟ್ಟದ ಮಣ್ಣು ಜಾರಿ ಏಳು ಜೀವ ಹೋಯಿತು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಸಾತನೂರು ಅಣೆಕಟ್ಟೆ ದಾಟಿ ವಿಳುಪ್ಪುರಂ, ಕಡಲೂರಿನ ಗದ್ದೆಗಳನ್ನು ಮುಳುಗಿಸಿದಳು. ಗಾಳಿಗೆ ಹೆದರಿ ಕಿಟಕಿ ಭದ್ರಪಡಿಸಿದವರು ಕರಾವಳಿಯವರು. ನೀರು ಹೊಕ್ಕಿದ್ದು ಚಂಡಮಾರುತ ತಮ್ಮದಲ್ಲವೆಂದು ಮಲಗಿದವರ ಮನೆಗೂ.

ಅವರ ಪರವಾಗಿ ಬೇಡುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಛತ್ರಿ ಹಿಡಿದು ಮಳೆಮಾಪಕದ ಆಲಿಕೆ ತೆಗೆದು, ಅಳತೆಗಾಜಿಗೆ ನೀರು ಬಗ್ಗಿಸಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು ಓದುವವನ ಕೈ ನಡುಗದಿರಲಿ. ಅವನು ಬರೆದ ಅಂಕಿ ಅಂದೇ ಕೆಳಗಿನ ಊರುಗಳಿಗೆ ಮುಟ್ಟಲಿ. ಅಣೆಕಟ್ಟೆಯ ಬಾಗಿಲು ಏಳುವ ಮುನ್ನ ನದಿದಂಡೆಯ ಕೂಸು, ದನಕರು ಏರುನೆಲ ಸೇರಿರಲಿ. ಚಂಡಮಾರುತ ಎಂಬ ಹೆಸರು ಕಳಚಿ ಬರಿಯ ವಾಯುಭಾರ ಕುಸಿತವೆಂದು ನಿನ್ನನ್ನು ಕರೆದ ಗಳಿಗೆಯಲ್ಲೇ ನಮ್ಮ ಎಚ್ಚರ ಸಡಿಲುತ್ತದೆ. ಆಗ ನಮ್ಮನ್ನು ಎಬ್ಬಿಸು.

ಘಟ್ಟದಾಚೆ ಪಡುವಣ ಕಡಲಿದೆ, ಕೊನೆಗೆ ನೀನು ಅಲ್ಲಿಗೇ ಇಳಿದೆ. ಮುಂದಿನ ಸಲ ಬೇಗ ಹೊರಡು, ತಂದೆ. ಒಂದೇ ತಾಲ್ಲೂಕಿಗೆ ಸುರಿದದ್ದನ್ನು ಧರ್ಮಪುರಿ, ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳಿಗೆಲ್ಲ ಹಂಚುತ್ತ ಹೋಗು.