ಭಂಗಾರದ ದಾನ

ಮುಂಬಯಿಗೆ ಹೊಸದಾಗಿ ಬಂದ ಕನ್ನಡಿಗನನ್ನು ಈ ಊರಿನ ಮರಾಠಿ ಮೊದಲು ತಮಾಷೆ ಮಾಡುವುದು ‘ಭಂಗಾರ’ ಎಂಬ ಶಬ್ದದಲ್ಲಿ. ಕೈಗಾಡಿ ತಳ್ಳುತ್ತಾ ಬಂದವನು ‘ಭಂಗಾರ್‌ವಾಲಾ’ ಎಂದು ಕೂಗಿದಾಗ, ಬಾಗಿಲಿಗೇ ಚಿನ್ನ ತಂದು ಮಾರುವ ಊರಲ್ಲವೇ ಇದು ಎಂದು ನಾನೂ ಕ್ಷಣಕಾಲ ಬೆರಗಾದವನೇ. ಅವನು ಮಾರುವವನಲ್ಲ, ಗುಜರಿ ಕೊಳ್ಳುವವನು ಎಂದು ತಿಳಿಯಲು ಒಂದು ದಿನ ಬೇಕಾಯಿತು. ನಮ್ಮ ಬಂಗಾರಕ್ಕೂ ಅವರ ಭಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣ ಮಾತ್ರ.

ಈ ಮಾತನ್ನು ಎತ್ತಲು ಕಾರಣವಿದೆ. ಕಳೆದ ಚಳಿಗಾಲದಲ್ಲಿ ನಾನು ಭಂಗಾರದಿಂದ ಒಂದು ವಸ್ತುವನ್ನು ಮಾಡಿದೆ. ಅದನ್ನು ಒಬ್ಬರಿಗೆ ಕೊಡಲು ಹೊರಟೆ. ವಸ್ತು ಬಹಳ ಸಣ್ಣದು. ಬಿಸಿಲಿನಿಂದ ಮೊಬೈಲಿಗೆ ಚಾರ್ಜು ತುಂಬುವ, ಕೈಚೀಲದಲ್ಲಿ ಒಯ್ಯಬಹುದಾದ ಒಂದು ಡಬ್ಬಿ. ಮಾಡುವಾಗ ಹುಟ್ಟದ ಪ್ರಶ್ನೆಯೊಂದು ಕೊಡುವಾಗ ಹುಟ್ಟಿತು. ಅದನ್ನು ವಾಚಕರ ಮುಂದಿಡುವುದಕ್ಕೆ ಮೊದಲು ಡಬ್ಬಿಯ ಒಳಗೇನಿದೆ ಎಂಬುದನ್ನು ಹೇಳಬೇಕು. ಪ್ರಶ್ನೆ ಇರುವುದು ಅಲ್ಲಿಯೇ.

ಸೌರ ಫಲಕ ಕೆಟ್ಟುಹೋದ ಒಂದು ಸೌರ ಲಾಂದ್ರದ್ದು. 6 ವೋಲ್ಟು, 3 ವ್ಯಾಟು. ಸಿಲಿಕಾನಿನ ಒಂದೊಂದು ತುಂಡೂ ಬಿಸಿಲಿನಲ್ಲಿ ಕೊಡುವುದು ಅರ್ಧ ವೋಲ್ಟಿನ ಆಸುಪಾಸು. ಆದ್ದರಿಂದ ಅಂಥ 12 ತುಂಡುಗಳನ್ನು ಸರಪಳಿಯಾಗಿ ಜೋಡಿಸಿರುತ್ತಾರೆ. ಲಾಂದ್ರ ಸತ್ತಿದ್ದರೂ ಫಲಕಕ್ಕೆ ಏನೂ ಆಗಿರಲಿಲ್ಲ, ಒಂದು ಮೂಲೆಯಲ್ಲಿ ಸ್ವಲ್ಪ ಮಸುಕು, ಅಷ್ಟೆ.

ವಿದ್ಯುತ್ತನ್ನು ಕೂಡಿಡಲು ಭಂಗಾರದವನಿಂದ ಒಂದು ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಕೊಂಡೆ. ಅದನ್ನು ಬಿಚ್ಚಿದರೆ ಒಳಗೆ ಆರು ಕೊಳವೆಗಳು. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ; ಅದಕ್ಕೇ ಅವುಗಳ ಹೆಸರು 18650. ಜೋಡಿ ಜೋಡಿಯಾಗಿ ಮೂರು ಕಡೆ ಕಟ್ಟಿರುತ್ತಾರೆ. ಒಂದು ಜೋಡಿ ಕೈಕೊಟ್ಟರೂ ಸಾಕು, ಒಳಗಿನ ಕಾವಲು ಸರ್ಕೀಟು ಇಡೀ ಬ್ಯಾಟರಿಯನ್ನೇ ನಿಲ್ಲಿಸಿಬಿಡುತ್ತದೆ. ಮಾಲೀಕ ಸತ್ತಿತೆಂದು ಎಸೆಯುತ್ತಾನೆ. ಉಳಿದ ನಾಲ್ಕು ಎಷ್ಟೋ ಸಲ ಬದುಕಿಯೇ ಇರುತ್ತವೆ.

ಮಲ್ಟಿಮೀಟರ್ ಹಿಡಿದು ನೋಡಿದೆ. ಎರಡರಲ್ಲಿ ಅರ್ಧ ವೋಲ್ಟೂ ಇರಲಿಲ್ಲ. ಅವನ್ನು ಆಗಲೇ ಬೇರೆ ಇಟ್ಟೆ. ಅಷ್ಟು ಕೆಳಗಿಳಿದ ಲಿಥಿಯಂ ಸೆಲ್ಲನ್ನು ಮತ್ತೆ ಎಬ್ಬಿಸಬಾರದು, ಒಳಗೆ ಏನು ಬೆಳೆದಿರುತ್ತದೋ ಕಾಣುವುದಿಲ್ಲ. ಉಳಿದ ನಾಲ್ಕರಲ್ಲಿ ಒಂದು ಚಾರ್ಜಾಗುವಾಗ ಬೆಚ್ಚಗಾಯಿತು. ಮತ್ತೊಂದು 4.2 ವೋಲ್ಟು ತುಂಬಿಸಿಟ್ಟ ಹದಿನೈದು ದಿನಕ್ಕೆ ತಾನಾಗಿ ಕೆಳಗಿಳಿಯಿತು. ಹೀಗೆ ಆರರಲ್ಲಿ ಎರಡು ತೇರ್ಗಡೆಯಾದವು. ಚಾರ್ಜನ್ನು 4.2 ವೋಲ್ಟಿಗೆ ನಿಲ್ಲಿಸುವ ಸಣ್ಣ ಬೋರ್ಡು, ಸೆಲ್ಲಿನ ವೋಲ್ಟನ್ನು ಮೊಬೈಲಿಗೆ ಬೇಕಾದ 5ಕ್ಕೆ ಏರಿಸುವ ಇನ್ನೊಂದು ಬೋರ್ಡು, ಇವೆರಡನ್ನು ಮಾತ್ರ ಲ್ಯಾಮಿಂಗ್ಟನ್ ರಸ್ತೆಯಿಂದ ಹೊಸದಾಗಿಯೇ ತಂದೆ. ಅಲ್ಲಿ ಜಿಪುಣತನ ಸಲ್ಲದು.

ಮೊದಲು ಸೆಲ್ಲುಗಳನ್ನು ಫಲಕದ ಬೆನ್ನಿಗೇ ಅಂಟಿಸಿದ್ದೆ. ಪುಸ್ತಕದ ಹಾಗೆ ಮುಚ್ಚಬಹುದಾದ ಅಚ್ಚುಕಟ್ಟಾದ ಜೋಡಣೆ, ನೋಡಿದವರೆಲ್ಲ ಹೊಗಳಿದರು. ಒಂದು ಮಧ್ಯಾಹ್ನ ಬೆನ್ನು ಮುಟ್ಟಿ ನೋಡಿದೆ, ಕೈ ಇಡಲಾಗಲಿಲ್ಲ. ಬಿಸಿಲಿನಲ್ಲಿ ಫಲಕದ ಹಿಂಬದಿ 60 ಡಿಗ್ರಿಗೆ ಏರುವುದುಂಟು. ಈ ಸೆಲ್ಲುಗಳನ್ನಾದರೋ 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜು ಮಾಡಬಾರದು. ಅಂದೇ ಬಿಚ್ಚಿ, ಎರಡು ಮೀಟರು ತಂತಿ ಹಾಕಿ, ಫಲಕ ಬಿಸಿಲಿಗೆ, ಡಬ್ಬಿ ನೆರಳಿಗೆ ಎಂದು ಮಾಡಿದೆ. ಅಂದವಾದದ್ದೆಲ್ಲ ಕ್ಷೇಮವಲ್ಲ.

ಫಲವೆಷ್ಟು ಎಂದು ಕೇಳುವಿರಿ. ಒಳ್ಳೆಯ ಬಿಸಿಲಿನಲ್ಲಿ ಫಲಕ ಕೊಡುವುದು 500 ಮಿಲಿ ಆಂಪಿಯರ್. ಎರಡು ಹಳೆಯ ಸೆಲ್ಲು ಸೇರಿ ಹಿಡಿಯುವುದು 4000ಕ್ಕೆ ಸ್ವಲ್ಪ ಕಡಿಮೆ. ಲೆಕ್ಕದಲ್ಲಿ ಎಂಟು ಗಂಟೆ. ಕಟ್ಟಡಗಳ ನೆರಳು, ಮುಂಬಯಿಯ ಧೂಳು ಮುಸುಕಿದ ಆಕಾಶ ಇವನ್ನೆಲ್ಲ ಕಳೆದರೆ ಎರಡೂವರೆ ದಿನ. ಅಷ್ಟಾಗಿಯೂ ಇಂದಿನ ಒಂದು ಫೋನು ಅರ್ಧಕ್ಕಿಂತ ತುಸು ಹೆಚ್ಚು ತುಂಬೀತು. ಆದರೂ ಮೊದಲ ಸಲ ಫೋನಿನಲ್ಲಿ ಚಾರ್ಜಿನ ಗುರುತು ಮಿನುಗಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ‘ನಾನೇ ಮಾಡಿದ್ದು’ ಎಂದು ಸಂಘದಲ್ಲಿ ನಾಲ್ಕು ಜನರಿಗೆ ಹೇಳಿದೆ. ಸಿಲಿಕಾನ್ ಸೌರಕೋಶವನ್ನು 1954ರಲ್ಲಿ ತೋರಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದವರು. ಲಿಥಿಯಂ ಅಯಾನ್ ಬ್ಯಾಟರಿ ಪೇಟೆಗೆ ಬಂದದ್ದು 1991ರಲ್ಲಿ, ಜಪಾನಿನಿಂದ. ಅದರ ಹಿಂದಿನ ವಿದ್ಯೆಗೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು. ನನ್ನದು ಕೊನೆಯ ನಾಲ್ಕು ಬೆಸುಗೆ. ಇರಲಿ, ಅಡಿಗೆ ಮಾಡಿದವರು ಅಕ್ಕಿ ಬೆಳೆದವರಲ್ಲವಲ್ಲ.

ನಮ್ಮ ಸೊಸೈಟಿಯ ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸಕ್ಕಿದ್ದವರಲ್ಲಿ ಕೆಲವರು ಯಾದಗಿರಿ ಕಡೆಯವರು. ಈ ಊರಿನ ಗೋಡೆಗಳಲ್ಲಿ ನಮ್ಮ ಬಡಗಣ ಜಿಲ್ಲೆಗಳವರ ಬೆವರು ಎಷ್ಟಿದೆ ಎಂಬುದು ಸಂಘದ ಸಭೆಗಳಲ್ಲಿ ಹೂಮಾಲೆ ಹಾಕಿಕೊಳ್ಳುವ ನಮಗೆ ನೆನಪಾಗುವುದು ಕಡಿಮೆ. ತಗಡಿನ ಶೆಡ್ಡುಗಳಿಗೆ ರಾತ್ರಿ ಒಂದು ಬಲ್ಬು ಉರಿಯುತ್ತಿತ್ತು, ಪ್ಲಗ್ಗು ಇರಲಿಲ್ಲ. ಫೋನಿಗೆ ಚಾರ್ಜು ಹಾಕಿಸಲು ಚಹಾದಂಗಡಿಯವನಿಗೆ ಹತ್ತು ರೂಪಾಯಿ. ಅವರಲ್ಲೊಬ್ಬಾಕೆ ಮಗಳನ್ನು ಓದಲೆಂದು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದಳು. “ಫೋನ್ ಬಂದ್ ಬಿತ್ತಂದ್ರ ಜೀವನ ನಿಂತಂಗಾಗ್ತದ್ರಿ ಕಾಕಾ” ಎಂದು ನೀರಿಗೆ ಬಂದಾಗಲೊಮ್ಮೆ ಹೇಳಿದ್ದಳು. ನನ್ನ ಡಬ್ಬಿ ಯಾರಿಗೆ ಸೇರಬೇಕೆಂಬುದು ಆ ಕ್ಷಣವೇ ತೀರ್ಮಾನವಾಯಿತು.

ಒಯ್ದು ತೋರಿಸಿದೆ. ಆಕೆ ಮುಚ್ಚಳ ತೆಗೆದು ಒಳಗಿನ ಎರಡು ನೀಲಿ ಕೊಳವೆಗಳನ್ನು ನೋಡಿದಳು. ಇವು ಎಲ್ಲಿಯವು ಎಂದು ಕೇಳಿದಳು. ಹಳೆಯ ಕಂಪ್ಯೂಟರಿನವು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರಿ ಇದನ್ನ ತಲಿ ಕಡಿ ಇಟ್ಕೊಂಡು ನೀವು ಮಲಕೋತೀರೇನ್ರಿ ಕಾಕಾ?” ಎಂದಳು. ಫೋನಿನ ಬ್ಯಾಟರಿ ಸಿಡಿದ ಸುದ್ದಿ ಅವಳೂ ಕೇಳಿದ್ದಳು. ಶೆಡ್ಡಿನೊಳಗೆ ಟಾರ್ಪಾಲಿನ ಮೇಲೆ ಅವಳ ಇನ್ನಿಬ್ಬರು ಮಕ್ಕಳು ಮಲಗುತ್ತಿದ್ದರು.

ಸಂಶಯದಿಂದ ಕೇಳಿದ್ದಲ್ಲ, ತಿಳಿಯಲೆಂದು ಕೇಳಿದ್ದು. ನನಗೆ ಉತ್ತರ ಹೊರಡಲಿಲ್ಲ. ಏಕೆಂದರೆ ಮೂರು ವಾರಗಳಿಂದ ನಾನು ಆ ಡಬ್ಬಿಯನ್ನು ರಾತ್ರಿ ಮನೆಯೊಳಗೆ ಇಟ್ಟಿರಲಿಲ್ಲ. ಬಾಲ್ಕನಿಯಲ್ಲಿ, ತುಳಸಿಯ ಕುಂಡದಿಂದಾಚೆ, ಕಡಪ ಕಲ್ಲಿನ ಮೇಲೆ ಇಡುತ್ತಿದ್ದೆ. ಯೋಚಿಸಿ ಮಾಡಿದ್ದೂ ಅಲ್ಲ, ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. “ಇನ್ನೂ ಸ್ವಲ್ಪ ಪರೀಕ್ಷೆ ಬಾಕಿ ಇದೆಯಮ್ಮಾ, ಮುಗಿಸಿ ತಂದುಕೊಡ್ತೀನಿ” ಎಂದು ವಾಪಸು ತಂದೆ.

ಕಠೋಪನಿಷತ್ತಿನ ಆರಂಭದ ಕಥೆ ಎಲ್ಲರಿಗೂ ಗೊತ್ತು. ಯಮನ ಉಪದೇಶದ ಗುಂಗಿನಲ್ಲಿ ನಾವು ಅದರ ಮೊದಲ ಘಟನೆಯನ್ನು ಬೇಗ ದಾಟಿಬಿಡುತ್ತೇವೆ. ಸರ್ವಸ್ವವನ್ನೂ ದಾನ ಮಾಡುವ ಯಾಗದಲ್ಲಿ ತಂದೆ ಕೊಡುತ್ತಿದ್ದದ್ದು ಹಾಲು ಬತ್ತಿದ, ಇನ್ನು ಕರು ಹಾಕಲಾರದ ಹಸುಗಳನ್ನು. ಅದನ್ನು ಕಂಡು ಹುಡುಗ ನಚಿಕೇತನಿಗೆ ಕಳವಳವಾಗುತ್ತದೆ, ನನ್ನನ್ನು ಯಾರಿಗೆ ಕೊಡುವೆ ಎಂದು ಮತ್ತೆ ಮತ್ತೆ ಕೇಳುತ್ತಾನೆ. ತಂದೆಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದದ್ದು ಸಹಜವೇ. ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಎಂಬುದಷ್ಟೇ ಕಾಣುತ್ತಿರುತ್ತದೆ, ಏನನ್ನು ಎಂಬುದು ಕಾಣುವುದು ಪಕ್ಕದಲ್ಲಿ ನಿಂತವನಿಗೆ.

ಹಾಗೆ ನೋಡಿದರೆ ನಮ್ಮೆಲ್ಲರ ಮನೆಯಲ್ಲೂ ಈ ಯಾಗ ನಡೆದೇ ಇದೆ. ‘ಇದಿನ್ನೂ ಚೆನ್ನಾಗಿದೆ, ಬಾಯಿಗೆ ಕೊಡೋಣ’ ಎಂದು ಕೆಲಸದವಳಿಗೆ ತೆಗೆದಿಡುವ ಸೀರೆ, ನಿನ್ನೆಯ ಸಾರು, ಹಿಡಿ ಸಡಿಲವಾದ ಕುಕ್ಕರು. ಇದೆಲ್ಲ ತಪ್ಪೆಂದು ನಾನು ಹೇಳಲಾರೆ. ವಸ್ತು ಎಸೆದುಹೋಗುವುದಕ್ಕಿಂತ ಒಬ್ಬರ ಬಳಕೆಗೆ ಬಂದರೆ ಒಳ್ಳೆಯದೇ. ಸೀರೆ ಹರಿದಿದ್ದರೆ ತೆಗೆದುಕೊಳ್ಳುವವಳಿಗೆ ಕಾಣುತ್ತದೆ. ಸಾರು ಹಳಸಿದ್ದರೆ ಮೂಗಿಗೆ ತಿಳಿಯುತ್ತದೆ. ಬೇಡವೆನ್ನುವ ಅಧಿಕಾರ ಅವಳಲ್ಲಿ ಉಳಿದಿರುತ್ತದೆ. ಸೆಲ್ಲಿನ ದೋಷ ಹಾಗಲ್ಲ. ಅದು ಉಕ್ಕಿನ ಕೊಳವೆಯೊಳಗೆ ಇದೆ. ಆರರಲ್ಲಿ ನಾಲ್ಕನ್ನು ತಳ್ಳಿಹಾಕಿದವನು ನಾನು. ಉಳಿದೆರಡರ ಮೇಲೆ ನನಗಿದ್ದ ಸಣ್ಣ ಅನುಮಾನವೂ ನನ್ನದೇ. ಡಬ್ಬಿ ಕೈಬದಲಾದರೆ ಅಪಾಯ ಅವಳ ಜೊತೆ ಹೋಗುತ್ತದೆ, ಅನುಮಾನ ನನ್ನ ಬಳಿಯೇ ಉಳಿಯುತ್ತದೆ.

ಸಂಘದ ಸ್ನೇಹಿತರೊಬ್ಬರು ವಾದಿಸಿದರು: ಶೆಡ್ಡಿನಲ್ಲಿ ಮೇಣದಬತ್ತಿ ಹಚ್ಚುತ್ತಾರೆ, ಸೀಮೆಎಣ್ಣೆಯ ಸ್ಟೋವೂ ಇರುತ್ತದೆ, ಅದರ ಮುಂದೆ ನಿಮ್ಮ ಡಬ್ಬಿ ಯಾವ ಲೆಕ್ಕ? ಲೆಕ್ಕ ಸರಿಯೇ ಇರಬಹುದು. ಆದರೆ ‘ಅವರು ಹೇಗೂ ಅಪಾಯದಲ್ಲೇ ಇದ್ದಾರೆ’ ಎಂಬ ಮಾತು ನನಗೆ ಹಿಡಿಸುವುದಿಲ್ಲ. ಹಗ್ಗವಿಲ್ಲದೆ ಹನ್ನೆರಡನೆಯ ಮಹಡಿಗೆ ಹತ್ತಿಸುವವನೂ ಆಡುವುದು ಅದೇ ಮಾತನ್ನು.

ಹಾಗಾದರೆ ಹೊಸ ಸೆಲ್ಲು ಹಾಕಿಬಿಡೋಣ ಎಂದು ಹೊರಟೆ. ಪೇಟೆಯಲ್ಲಿ 9900 ಮಿಲಿ ಆಂಪಿಯರ್ ಗಂಟೆ ಎಂದು ಅಚ್ಚುಹಾಕಿದ ಹೊಚ್ಚಹೊಸ 18650 ಸೆಲ್ಲುಗಳಿದ್ದವು, ಬೆಲೆಯೂ ಅಗ್ಗ. ಆ ಗಾತ್ರದ ಯಾವ ಸೆಲ್ಲೂ ಅದರ ಅರ್ಧವನ್ನೂ ಹಿಡಿಯುವುದಿಲ್ಲ. ಮೈಮೇಲೆಯೇ ಸುಳ್ಳು ಬರೆದುಕೊಂಡ ಹೊಸತಿಗಿಂತ ನನ್ನ ಭಂಗಾರವೇ ಹೆಚ್ಚು ಪ್ರಾಮಾಣಿಕ ಎನಿಸಿತು. ಹೊಸತಾದ ಮಾತ್ರಕ್ಕೆ ನಂಬಲಾಗದು, ಹಳೆಯದಾದ ಮಾತ್ರಕ್ಕೆ ತಳ್ಳಲಾಗದು. ಇಲ್ಲಿ ಸಿಕ್ಕಿಕೊಂಡು ಒಂದು ತಿಂಗಳು ಕಳೆದೆ. ಡಬ್ಬಿಯನ್ನು ತುಂಬಿಸುವುದು, ಬರಿದು ಮಾಡುವುದು, ಮುಟ್ಟಿ ನೋಡುವುದು, ಬರೆದಿಡುವುದು. ಕೊನೆಗೆ ಮಲಗುವ ಕೋಣೆಗೆ ತರುತ್ತೇನೆಂದಾಗ ನನ್ನ ಹೆಂಡತಿ, “ಅದು ಒಳಗೆ ಬಂದರೆ ನಾನು ಹೊರಗೆ” ಎಂದಳು. ಪರೀಕ್ಷೆ ಅಲ್ಲಿಗೆ ಮುಗಿಯಿತು ಎನ್ನಬೇಕು.

ಉಪಾಯ ಹೊಳೆದದ್ದು ಆಮೇಲೆ. ಹೊಳೆದಾಗ ನಾಚಿಕೆಯೂ ಆಯಿತು, ಅಷ್ಟು ಸುಲಭವಾದದ್ದು. ಫಲಕ ಹಳೆಯದಾದರೆ ಏನಾದೀತು? ವಿದ್ಯುತ್ತು ಕಡಿಮೆ ಬಂದೀತು, ಕೊನೆಗೆ ಬಾರದೆ ಹೋದೀತು. ಯಾರಿಗೂ ಏಟಿಲ್ಲ. ಸೆಲ್ಲು ಕೆಟ್ಟರೆ ಬೆಂಕಿ. ಭಂಗಾರದಲ್ಲಿಯೇ ಎರಡು ಜಾತಿ: ಕೆಟ್ಟಾಗ ಸುಮ್ಮನಾಗುವುದು ಒಂದು, ಕೆಟ್ಟಾಗ ಕಚ್ಚುವುದು ಇನ್ನೊಂದು. ಮೊದಲನೆಯದನ್ನು ಕೊಡಬಹುದು, ಎರಡನೆಯದನ್ನು ಬಲ್ಲವನು ತಾನೇ ಇಟ್ಟುಕೊಳ್ಳಬೇಕು. ಫಲಕದ 6 ವೋಲ್ಟನ್ನು 5ಕ್ಕೆ ಇಳಿಸುವ ಪುಟ್ಟ ಬೋರ್ಡು, ಅದಕ್ಕೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತಿರುವ ಅಂಗಡಿಯ ಒಂದು ಪವರ್ ಬ್ಯಾಂಕು. ಸಾವಿರ ರೂಪಾಯಿಯ ಮಾತು. ಇದು ಮೊದಲ ದಿನವೇ ಏಕೆ ತೋಚಲಿಲ್ಲ? ಪವರ್ ಬ್ಯಾಂಕು ಕೊಂಡರೆ ‘ನಾನೇ ಮಾಡಿದ್ದು’ ಎನ್ನುವಂತಿರಲಿಲ್ಲ, ಅದಕ್ಕೆ. ಆಕೆಗೆ ಬೇಕಾದದ್ದು ರಾತ್ರಿ ಮಗಳ ದನಿ. ನಾನು ಕೊಡಹೊರಟದ್ದು ನನ್ನ ಬೆಸುಗೆಯ ಜಾಣ್ಮೆ.

ತಳ್ಳಿಹಾಕಿದ ನಾಲ್ಕು ಸೆಲ್ಲುಗಳನ್ನು ಭಂಗಾರದವನು ಮರಳಿ ಕೇಳಿದ. ತೂಕಕ್ಕೆ ಬರುತ್ತವೆ ಎಂದ. ಅವನ ಗೋಣಿಯಲ್ಲೇ ಅವು ಹೊತ್ತಿಕೊಂಡರೆ? ಬಳಸಿದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆ ತಯಾರಕರದೆಂದು 2022ರಲ್ಲಿ ಸರಕಾರ ನಿಯಮ ಮಾಡಿದೆ. ತುದಿಗಳಿಗೆ ಟೇಪು ಸುತ್ತಿ, ಬಸ್ಸು ಹಿಡಿದು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟುಬಂದೆ. ಭಂಗಾರದವನಿಗೆ ಅದರ ಬದಲು ಹಳೆಯ ಪತ್ರಿಕೆಗಳ ಕಟ್ಟು ಕೊಟ್ಟೆ. ಅವನು ಅದನ್ನು ದಾನವೆಂದು ತಿಳಿಯಲಿಲ್ಲ, ತಕ್ಕಡಿ ಹಿಡಿದು ತೂಗಿ ದುಡ್ಡು ಎಣಿಸಿಕೊಟ್ಟ.

ಹೊಸ ಜೋಡಣೆಯನ್ನು ಚೀಲದಲ್ಲಿ ಹಾಕಿಕೊಂಡು ಹೋದದ್ದು ಮಾರ್ಚಿಯ ಒಂದು ಸಂಜೆ. ಶೆಡ್ಡುಗಳಿದ್ದ ಜಾಗ ಸಪಾಟಾಗಿತ್ತು. ಸ್ಲ್ಯಾಬಿನ ಕೆಲಸ ಮುಗಿಯಿತು, ಗುಂಪನ್ನು ಹತ್ತು ದಿನದ ಹಿಂದೆಯೇ ಪನವೇಲ್ ಕಡೆಗೆ ಕರೆದೊಯ್ದರು ಎಂದು ಕಾವಲುಗಾರ ಹೇಳಿದ. ಎಲ್ಲಿ ಎಂಬುದು ಅವನಿಗೂ ತಿಳಿಯದು. ನನ್ನ ಬಳಿ ಅವಳ ನಂಬರೂ ಇರಲಿಲ್ಲ. ನಾನು ಎಚ್ಚರಿಕೆ ಎಂದುಕೊಂಡ ಆ ಒಂದು ತಿಂಗಳಿನಲ್ಲಿ ಆಕೆ ಚಹಾದಂಗಡಿಗೆ ಎಷ್ಟು ಹತ್ತು ರೂಪಾಯಿ ಕೊಟ್ಟಳೋ, ಎಷ್ಟು ರಾತ್ರಿ ಫೋನು ಬಂದ್ ಬಿದ್ದಿತ್ತೋ. ಅಂದು ಕೊಡದೆ ಹಿಂದಕ್ಕೆ ತಂದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಒಂದು ತಿಂಗಳು ಹಿಡಿಯಿತಲ್ಲ, ಅದಕ್ಕಿದೆ.

ಫಲಕ ಮತ್ತು ಪವರ್ ಬ್ಯಾಂಕು ಚೀಲದಲ್ಲೇ ಬಾಗಿಲ ಹಿಂದಿನ ಗೂಟಕ್ಕೆ ತೂಗಾಡುತ್ತಿವೆ. ರಸ್ತೆಯ ತಿರುವಿನಲ್ಲಿ ಹೊಸ ಪಾಯ ತೋಡುತ್ತಿದ್ದಾರೆ, ತಗಡುಗಳು ಬಂದಿಳಿದಿವೆ. ಹಳೆಯ ಸೆಲ್ಲುಗಳ ಡಬ್ಬಿಯನ್ನು ನಾನೇ ಬಳಸುತ್ತಿದ್ದೇನೆ. ರಾತ್ರಿ ಅದು ಈಗಲೂ ಕಡಪ ಕಲ್ಲಿನ ಮೇಲೆಯೇ ಇರುತ್ತದೆ.