ಐದು ತಿಂಗಳ ಅತಿಥಿ

ಎಸ್ಟೋನಿಯಾದ ತಾರ್ತು ನಗರಕ್ಕೆ ಒಂದು ಸೆಮಿಸ್ಟರ್ ಮಟ್ಟಿಗೆ ಹೋಗುತ್ತಿದ್ದೇನೆ ಎಂದಾಗ ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ: ಅದೆಲ್ಲಿದೆ, ಮತ್ತು ಪ್ಯಾರಿಸ್ಸೋ ಬರ್ಲಿನ್ನೋ ಸಿಗಲಿಲ್ಲವೆ? ಮೊದಲನೆಯದಕ್ಕೆ ಉತ್ತರ ಸುಲಭ. ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯ ಪುಟ್ಟ ದೇಶವೊಂದರ ಎರಡನೆಯ ದೊಡ್ಡ ನಗರ ಅದು. ದೊಡ್ಡದು ಎಂದರೂ ಜನಸಂಖ್ಯೆ ಒಂದು ಲಕ್ಷದೊಳಗೆ. ನಡುವೆ ಎಮಾಯೊಗಿ ಎಂಬ ನದಿ. ಹೆಸರಿನ ಅರ್ಥ ತಾಯಿಹೊಳೆ. 1632ರಲ್ಲಿ ಸ್ವೀಡನ್ನಿನ ದೊರೆ ಸ್ಥಾಪಿಸಿದ ವಿಶ್ವವಿದ್ಯಾಲಯ. ಎರಡನೆಯ ಪ್ರಶ್ನೆಗೆ ಉತ್ತರ ಯೂರಿ ಲೋಟ್ಮನ್. ಯಹೂದಿಯಾದ ಕಾರಣ ಲೆನಿನ್‌ಗ್ರಾದಿನಲ್ಲಿ ಕೆಲಸ ಸಿಗದೆ 1950ರಲ್ಲಿ ಈ ಊರಿಗೆ ಬಂದ ಅವನು ಸಂಕೇತಶಾಸ್ತ್ರದ ಒಂದು ಪಂಥವನ್ನೇ ಕಟ್ಟಿ 1993ರಲ್ಲಿ ಇಲ್ಲೇ ತೀರಿಕೊಂಡ. ನನ್ನ ಪಿಎಚ್‌ಡಿಯ ಒಂದು ಅಧ್ಯಾಯಕ್ಕೆ ಅವನು ಬೇಕಿತ್ತು.

ಹೋದ ಮೊದಲ ವಾರದಲ್ಲೇ ಒಂದು ವಿಷಯ ತಿಳಿಯಿತು. ಇಲ್ಲಿ ಬದುಕಲು ಎಸ್ಟೋನಿಯನ್ ಭಾಷೆಯ ಒಂದಕ್ಷರವೂ ಬೇಕಿಲ್ಲ. ನನ್ನ ತರಗತಿಗಳು ಇಂಗ್ಲಿಷಿನಲ್ಲಿ, ಹಾಸ್ಟೆಲಿನ ಕಾಗದಪತ್ರ ಇಂಗ್ಲಿಷಿನಲ್ಲಿ, ಅಂಗಡಿಯ ಯಂತ್ರ ಇಂಗ್ಲಿಷಿನಲ್ಲಿ. ಜೂನ್ ಮುಗಿದರೆ ವಾಪಸು. ಹನ್ನೊಂದು ಲಕ್ಷದಷ್ಟು ಜನ ಆಡುವ, ಮುಂದೆ ನನಗೆ ಯಾವ ಉಪಯೋಗಕ್ಕೂ ಬಾರದ, ಹದಿನಾಲ್ಕು ವಿಭಕ್ತಿಗಳ ಭಾಷೆಯನ್ನು ನಾನು ಕಲಿಯಬೇಕೆ? ಬೆಂಗಳೂರಿನಿಂದ ಹೋದವರಿಗೆ ಇದು ಬರೀ ಪ್ರಶ್ನೆಯಲ್ಲ. ಹೊರಗಿನಿಂದ ಬಂದವರು ಕನ್ನಡ ಕಲಿಯಬೇಕು ಎಂದು ನಾನೂ ನಂಬಿದವಳು, ಹೇಳಿದವಳು. ಆ ಮಾತು ಕನ್ನಡದ ಮೇಲಿನ ಬರೀ ಮಮಕಾರವೋ, ಅಥವಾ ಎಲ್ಲ ಊರಿಗೂ ಎಲ್ಲ ಅತಿಥಿಗೂ ಸಲ್ಲುವ ನ್ಯಾಯವೋ? ನ್ಯಾಯವಾದರೆ ಅದು ತಾರ್ತುವಿನಲ್ಲಿ ನನಗೂ ಸಲ್ಲಬೇಕು.

ಸಾಮಾನ್ಯವಾಗಿ ನಾವು ಕೊಡುವ ಮೊದಲ ಕಾರಣ ಉಪಯೋಗದ್ದು. ಕನ್ನಡ ಕಲಿತರೆ ಆಟೊದವರೊಡನೆ ವ್ಯವಹಾರ ಸುಲಭ, ತರಕಾರಿ ಕಡಿಮೆಗೆ ಸಿಗುತ್ತದೆ, ಹೀಗೆ. ಈ ವಾದವನ್ನು ನಾನು ತಾರ್ತುವಿನಲ್ಲೇ ಕೈಬಿಟ್ಟೆ. ಉಪಯೋಗವೇ ಆಧಾರವಾದರೆ, ಇಂಗ್ಲಿಷು ಸಾಕಾಗುವ ದಿನ ಭಾಷೆಯ ಋಣವೂ ತೀರಿಹೋಗಬೇಕು. ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಆ ದಿನ ಬಂದಾಗಿದೆ. ಕನ್ನಡದ ಪರವಾಗಿ ಉಪಯೋಗವನ್ನು ಮುಂದೊಡ್ಡುವವರು ತಮಗೆ ತಿಳಿಯದೆ ಎದುರು ಪಕ್ಷದ ವಕಾಲತ್ತು ವಹಿಸುತ್ತಿದ್ದಾರೆ.

ಎರಡನೆಯದು ಕಾಲಾವಧಿ. ವಾರಕ್ಕೆ ಬಂದ ಪ್ರವಾಸಿಗೆ ಋಣವಿಲ್ಲ, ನೆಲೆಸಲು ಬಂದವನಿಗೆ ಪೂರ್ತಿ ಇದೆ, ನಡುವಿನವರಿಗೆ ಇದ್ದಷ್ಟು ದಿನಕ್ಕೆ ತಕ್ಕಂತೆ. ಕಾಂಟ್ 1795ರ ಶಾಶ್ವತ ಶಾಂತಿಯ ಪ್ರಬಂಧದಲ್ಲಿ ಇಂಥದೇ ಒಂದು ಗೆರೆ ಎಳೆಯುತ್ತಾನೆ. ಭೂಮಿ ಗುಂಡಗಿರುವುದರಿಂದ ಮನುಷ್ಯರು ಒಬ್ಬರಿಂದೊಬ್ಬರು ಕೊನೆಯಿಲ್ಲದೆ ದೂರ ಹೋಗಲಾರರು, ಆದ್ದರಿಂದ ಪ್ರತಿಯೊಬ್ಬನಿಗೂ ಪರನಾಡಿಗೆ ಬಂದು ಹೋಗುವ ಹಕ್ಕಿದೆ; ಅತಿಥಿಯಾಗಿ ಉಳಿಯುವುದಕ್ಕೆ ಮಾತ್ರ ಬೇರೆಯೇ ಒಂದು ಒಪ್ಪಂದ ಬೇಕು ಎನ್ನುತ್ತಾನೆ. (ಇದನ್ನು ಬರೆದವನು ತನ್ನ ಕೋನಿಗ್ಸ್‌ಬರ್ಗ್ ಸೀಮೆ ದಾಟಿ ಹೋದವನಲ್ಲ ಎಂಬುದು ನನಗೆ ಯಾವಾಗಲೂ ಮೋಜೆನಿಸುತ್ತದೆ.) ಗೆರೆ ಚೆನ್ನಾಗಿದೆ. ಆದರೆ ಅವಧಿಯನ್ನು ಅಳೆಯುವವರು ಯಾರು? ಬೆಂಗಳೂರಿಗೆ ಬಂದವರೆಲ್ಲ ಬರುವುದು ‘ಎರಡು ವರ್ಷಕ್ಕೆ’. ಹದಿನೈದು ವರ್ಷ ಕಳೆದ ಮೇಲೂ ಆ ಎರಡು ವರ್ಷ ಮುಗಿದಿರುವುದಿಲ್ಲ. ಪ್ರತಿಯೊಬ್ಬರೂ ಮನಸ್ಸಿನಲ್ಲಿ ತಾತ್ಕಾಲಿಕರೇ.

ಹಾಗಾಗಿ ತಾತ್ಕಾಲಿಕತೆಯ ನೆಪವನ್ನು ಬದಿಗಿಟ್ಟು ವಿಶ್ವವಿದ್ಯಾಲಯದ ಆರಂಭಿಕರ ಎಸ್ಟೋನಿಯನ್ ತರಗತಿಗೆ ಸೇರಿದೆ.

ಕನ್ನಡದವರಿಗೆ ಈ ಭಾಷೆ ಅಪರಿಚಿತವಾದರೂ ಪೂರ್ತಿ ಪರಕೀಯವಲ್ಲ. ನಮ್ಮ ಹಾಗೆಯೇ ಪದದ ಬಾಲಕ್ಕೆ ಪ್ರತ್ಯಯ ಕಟ್ಟುತ್ತ ಹೋಗುತ್ತದೆ. ಭವಿಷ್ಯತ್ಕಾಲಕ್ಕೆ ಬೇರೆ ರೂಪವಿಲ್ಲ; ನಾವು ‘ನಾಳೆ ಬರ್ತೀನಿ’ ಎನ್ನುವಂತೆ ಅವರೂ ವರ್ತಮಾನದಲ್ಲೇ ನಾಳೆಯನ್ನು ಹೇಳುತ್ತಾರೆ. ಅವನು, ಅವಳು ಎಂಬ ಭೇದ ಮಾತ್ರ ಇಲ್ಲ, ಇಬ್ಬರಿಗೂ ‘ತ’. ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳನ್ನು ಫಿನ್ನಿಷ್ ಬಳಗದ ಕಡೆಗೆ ಎಳೆದದ್ದು ಇಂಥ ಹೋಲಿಕೆಗಳನ್ನು ಕಂಡೇ. ಆ ನಂಟನ್ನು ನಂತರದ ವಿದ್ವಾಂಸರು ಒಪ್ಪಿಲ್ಲ, ಆದರೆ ತರಗತಿಯಲ್ಲಿ ಕುಳಿತಾಗ ಅವನ ಆಸೆ ಅರ್ಥವಾಗುತ್ತದೆ. ಇಲ್ಲಿ ನಮಸ್ಕಾರಕ್ಕೆ ‘ತೆರೆ’ ಎನ್ನುತ್ತಾರೆ. ಪ್ರತಿ ಬಾಗಿಲಲ್ಲೂ ಯಾರೋ ‘ತೆರೆ’ ಎಂದಂತೆ ಕೇಳಿ ನಾನೊಬ್ಬಳೇ ನಗುತ್ತಿದ್ದೆ.

ನನ್ನ ಪಕ್ಕ ಕೂರುತ್ತಿದ್ದವರು ಐವತ್ತರ ಆಸುಪಾಸಿನ ಉಕ್ರೇನಿನ ಹೆಂಗಸು. ಯುದ್ಧ ತಪ್ಪಿಸಿಕೊಂಡು ಬಂದವರು. ಅದೇ ಪುಸ್ತಕ, ಅದೇ ಅಭ್ಯಾಸ. ನನಗೆ ಇದು ಆತ್ಮಸಾಕ್ಷಿಯ ವಿಷಯ, ಅವರಿಗೆ ಕೆಲಸದ ವಿಷಯ. ತಪ್ಪು ವಿಭಕ್ತಿ ಹಾಕಿದಾಗ ನಾನು ನಗಬಲ್ಲವಳಾಗಿದ್ದೆ, ಅವರು ಆಗಿರಲಿಲ್ಲ. ನಾನು ಅಷ್ಟು ದಿನ ಹೂಡುತ್ತಿದ್ದ ವಾದಗಳಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇರಲಿಲ್ಲ.

ಭಾಷೆ ಕಲಿ ಎಂಬ ಮಾತು ಎಸ್ಟೋನಿಯಾದಲ್ಲಿ ಹಗುರದ್ದಲ್ಲ. ಶತಮಾನಗಳ ಕಾಲ ಇದು ರೈತರ, ಆಳುಗಳ ಭಾಷೆ. ಇವರದೇ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುತ್ತಿದ್ದುದು ಜರ್ಮನ್ನಿನಲ್ಲಿ, ಆಮೇಲೆ ರಷ್ಯನ್ನಿನಲ್ಲಿ. ಎಸ್ಟೋನಿಯನ್ ಅಲ್ಲಿ ಬೋಧನಾ ಭಾಷೆಯಾದದ್ದು 1919ರಲ್ಲಿ. ತೂಮೆ ಗುಡ್ಡದ ಮೇಲೆ ಕ್ರಿಸ್ಟಿಯಾನ್ ಯಾಕ್ ಪೀಟರ್‌ಸನ್ ಎಂಬ ಕವಿಯ ಪ್ರತಿಮೆಯಿದೆ. ಇಲ್ಲಿ ಓದಿ, ಎಸ್ಟೋನಿಯನ್ನಿನಲ್ಲಿ ಬರೆದು, 1822ರಲ್ಲಿ ಇಪ್ಪತ್ತೊಂದನೆಯ ವಯಸ್ಸಿಗೆ ತೀರಿಕೊಂಡ ಹುಡುಗ. ಅವನು ಹುಟ್ಟಿದ ಮಾರ್ಚ್ 14 ಈಗ ಆ ದೇಶದ ತಾಯ್ನುಡಿ ದಿನ. ಸೋವಿಯತ್ ಕಾಲದಲ್ಲಿ ಮತ್ತೆ ರಷ್ಯನ್ ಮೇಲೆ ಬಂತು, ಕಾರ್ಮಿಕರೂ ಅಧಿಕಾರಿಗಳೂ ಸಾವಿರಗಟ್ಟಲೆ ಬಂದರು, ಹೆಚ್ಚಿನವರಿಗೆ ಎಸ್ಟೋನಿಯನ್ ಕಲಿಯುವ ಅಗತ್ಯ ಬೀಳಲಿಲ್ಲ. 1989ರಲ್ಲಿ ಭಾಷಾ ಕಾಯಿದೆ, 1991ರಲ್ಲಿ ಸ್ವಾತಂತ್ರ್ಯ. ಆಮೇಲೆ ತಕ್ಕಡಿ ತಿರುಗಿತು. ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವರು ಪೌರತ್ವಕ್ಕೆ ಭಾಷಾ ಪರೀಕ್ಷೆ ಕೊಡಬೇಕಾಯಿತು. ಕೊಡದವರಲ್ಲಿ, ಕೊಡಲಾಗದವರಲ್ಲಿ ಅನೇಕರು ಇಂದಿಗೂ ಯಾವ ದೇಶದ ಪ್ರಜೆಗಳೂ ಅಲ್ಲದೆ ಬೂದು ಬಣ್ಣದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ.

ಒಂದೇ ವಾಕ್ಯ, ಎರಡು ತೂಕ. ಬಲವಿದ್ದವನು ಬಂದು ಭಾಷೆಯನ್ನು ಅಸಡ್ಡೆ ಮಾಡಿದರೆ ಅದು ಅವಮಾನ. ಬಲವಿಲ್ಲದ ಮುದುಕಿಯ ಎದುರು ಅದೇ ಭಾಷೆ ಪರೀಕ್ಷೆಯಾಗಿ ನಿಂತರೆ ಅದು ಬೇರೇನೋ. ಬೆಂಗಳೂರಿನಲ್ಲೂ ಹೊರಗಿನವರು ಎಂಬ ಒಂದೇ ಪದದೊಳಗೆ ಗಾಜಿನ ಕಟ್ಟಡದ ಎಂಜಿನಿಯರನೂ ಆ ಗಾಜನ್ನು ಕೂರಿಸಿದ ಬಿಹಾರದ ಕೂಲಿಯೂ ಇದ್ದಾರೆ. ನಾಲ್ಕು ಕೋಟಿಗೂ ಮಿಕ್ಕಿದ ಜನರ ಭಾಷೆಯ ಋಣವನ್ನು ನಾವು ಮೊದಲು ಯಾರಿಂದ ವಸೂಲಿ ಮಾಡುತ್ತೇವೆ? ಸುಲಭವಾಗಿ ಕೈಗೆ ಸಿಗುವವನಿಂದ. ಕೂಲಿಯವನು ಹೊಟ್ಟೆಪಾಡಿಗೆ ಆರು ತಿಂಗಳಲ್ಲಿ ಕಲಿತೇಬಿಡುತ್ತಾನೆ ಎಂಬುದು ಬೇರೆ ಮಾತು.

ಲೋಟ್ಮನ್ ಈ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತಾನೆ. ನಾಲ್ಕು ದಶಕಕ್ಕೂ ಹೆಚ್ಚು ತಾರ್ತುವಿನಲ್ಲಿದ್ದು ರಷ್ಯನ್ ಸಾಹಿತ್ಯ ಕಲಿಸಿ, ರಷ್ಯನ್ನಿನಲ್ಲೇ ಬರೆದವನು. ಇವತ್ತು ನನ್ನಂಥವರು ಈ ಊರಿನ ಹೆಸರು ಕೇಳಿದ್ದೇ ಅವನಿಂದ. ಅವನು ಗಡಿಯ ಬಗ್ಗೆ ಹೇಳಿದ ಮಾತು ನನ್ನ ಅಧ್ಯಾಯದ ಕೇಂದ್ರ: ಸಂಸ್ಕೃತಿಯ ಗಡಿ ತಡೆಯುವ ಗೋಡೆಯಲ್ಲ, ಹೊರಗಿನದನ್ನು ಒಳಗಿನ ಭಾಷೆಗೆ ತಿರುಗಿಸುವ ಜಾಗ. ಅನುವಾದ ನಡೆಯುವುದು ಅಂಚಿನಲ್ಲೇ.

ತಾರ್ತುವಿನಲ್ಲಿ ಆ ಅಂಚು ನನಗೆ ಸಿಕ್ಕಿದ್ದು ಬ್ರೆಡ್ ಅಂಗಡಿಗಳಲ್ಲಿ. ತರಗತಿಯಲ್ಲಿ ಕಲಿತ ವಾಕ್ಯವನ್ನು ಜೋಡಿಸಿಕೊಂಡು ಹೋಗಿ ಹೇಳಿದರೆ ಎದುರಿನವರು ಥಟ್ಟನೆ ಇಂಗ್ಲಿಷಿಗೆ ಹೊರಳುತ್ತಿದ್ದರು. ಅದು ಸೌಜನ್ಯವೇ. ಆದರೆ ಬಾಗಿಲು ಮುಚ್ಚುವ ಸೌಜನ್ಯ. ನಮ್ಮಲ್ಲೂ ಯಾರಾದರೂ ‘ನನಗೆ ಎರಡು ಇಡ್ಲಿ ಬೇಕಾಗಿದೆ’ ಎಂದು ತೊದಲಿದರೆ ನಾವು ಕೂಡಲೇ ಹಿಂದಿಗೋ ಇಂಗ್ಲಿಷಿಗೋ ಹೋಗಿಬಿಡುತ್ತೇವೆ, ಇಲ್ಲವೆ ನಕ್ಕುಬಿಡುತ್ತೇವೆ. ಕಲಿಯುವ ಋಣ ಅತಿಥಿಯದಾದರೆ, ಕೆಟ್ಟ ಕನ್ನಡವನ್ನು ಕೇಳಿಸಿಕೊಳ್ಳುವ ಋಣ ಮನೆಯವರದು. ಕಾಂಟ್ ಹೇಳಿದ ಒಪ್ಪಂದಕ್ಕೆ ಎರಡು ಸಹಿ ಬೇಕಲ್ಲ.

ಒಂದು ಅಂಗಡಿಯ ವಯಸ್ಸಾದ ಹೆಂಗಸು ಮಾತ್ರ ಇಂಗ್ಲಿಷಿಗೆ ಹೊರಳುತ್ತಿರಲಿಲ್ಲ. ಕಾಯುತ್ತಿದ್ದರು. ಹಿಂದೆ ಸಾಲು ಬೆಳೆದರೂ ಕಾಯುತ್ತಿದ್ದರು. ಒಮ್ಮೆ ಎಲ್ಲಿಗೆ ಹೊರಟೆ ಎಂದು ಕೇಳಿದರು. ‘ಲಿನ್ನ’ ಎಂದೆ, ಊರೊಳಕ್ಕೆ. ಅವರು ತಲೆಯಾಡಿಸಿದರು. ಈ ಭಾಷೆಯಲ್ಲಿ ನಮ್ಮ ಹ್ರಸ್ವ, ದೀರ್ಘ, ಪ್ಲುತಗಳಂತೆ ಮೂರು ಅಳತೆಗಳಿವೆ, ಮೂರನೆಯದು ಬರವಣಿಗೆಯಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ‘ಲಿನ್ನ’ ಎಂದರೆ ಊರಿನ. ನಕಾರವನ್ನು ಇನ್ನೊಂದಿಷ್ಟು ಎಳೆದರೆ ಊರೊಳಕ್ಕೆ. ಅವರು ಎಳೆದು ತೋರಿಸಿದರು. ನಾನು ಎಳೆದೆ. ಅವರು ಮತ್ತೆ ತಲೆಯಾಡಿಸಿ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನನ್ನ ಹಿಂದೆ ನಿಂತಿದ್ದ ಹುಡುಗ ಮೆಲ್ಲಗೆ, ಯಾರಿಗೋ ಎಂಬಂತೆ, ಸರಿಯಾಗಿ ಉಚ್ಚರಿಸಿದ.