ಮಣೆ ಹಾಕಿದವರು ಯಾರು?

"ಗಿಣ್ಣು ಜಾಸ್ತಿ ಬಿಡಬೇಡ, ಕರ ಉಚ್ಕೊಳ್ತದೆ." ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಕೊಟ್ಟಿಗೆಗಳಲ್ಲಿ ಈ ಮಾತು ಇನ್ನೂ ಸತ್ತಿಲ್ಲ. ಹುಟ್ಟಿದ ಎರಡನೇ ದಿನಕ್ಕೇ ಕರು ನೀರುನೀರಾಗಿ ಭೇದಿ ಹಾಕಿ, ಕಣ್ಣು ಗುಳಿಬಿದ್ದು, ಬಾಲ ಹಿಂಗಾಲಿಗೆ ಅಂಟಿಕೊಂಡು, ಎದ್ದು ನಿಲ್ಲಲಾರದೆ ಮಲಗಿಬಿಟ್ಟರೆ ತೀರ್ಪು ಸಿದ್ಧ: ಕುಡಿದದ್ದು ಹೆಚ್ಚಾಯಿತು, ಇಲ್ಲವೇ ಕರುವೇ ಬಡಕಲು. ಅಂತೂ ತಪ್ಪು ಕಾಯಿಲೆ ಬಿದ್ದವರದು. ಈ ನ್ಯಾಯ ಕೊಟ್ಟಿಗೆಯಲ್ಲೇ ಮುಗಿಯುವುದಿಲ್ಲ. ಮಗುವಿಗೆ ಭೇದಿಯಾದರೆ ಬಾಣಂತಿ ಏನು ತಿಂದಳು ಎಂದು ವಿಚಾರಣೆ ನಡೆಸುವವರೂ ನಾವೇ.

ಎಳೆಗರುವಿನ ಭೇದಿಗೆ ಕಾರಣ ಹಲವು. ಮೊದಲ ಮೂರ್ನಾಲ್ಕು ದಿನಗಳಲ್ಲಿ ಕಾಡುವುದು ಹೆಚ್ಚಾಗಿ ಇ. ಕೋಲೈನ ಒಂದು ಬಗೆ. ಕರುಳಿನಲ್ಲಿ ಎಲ್ಲವೂ ಸದಾ ಮುಂದಕ್ಕೆ ಸಾಗುತ್ತಿರುತ್ತದೆ; ಹಿಡಿತ ಸಿಗದ ಬ್ಯಾಕ್ಟೀರಿಯಾ ಎಷ್ಟು ವಿಷ ಹೊತ್ತಿದ್ದರೂ ಸಗಣಿಯ ಜೊತೆ ಹೊರಟುಹೋಗುತ್ತದೆ. ಆದರೆ ಈ ಬಗೆಯ ಇ. ಕೋಲೈನ ಮೈಮೇಲೆ ಕೆ99 ಎಂಬ ಸೂಕ್ಷ್ಮ ಎಳೆಗಳಿವೆ. ಅವು ಕರುವಿನ ಸಣ್ಣಕರುಳಿನ ಜೀವಕೋಶದ ಮೇಲಿನ ಒಂದು ಬಗೆಯ ಸಿಯಾಲಿಕ್ ಆಮ್ಲವನ್ನು, ಅಂದರೆ ಒಂದು ಜಾತಿಯ ಸಕ್ಕರೆಯನ್ನು, ಗುರುತಿಸಿ ಕಚ್ಚಿಕೊಳ್ಳುತ್ತವೆ. ನೆಲೆ ಸಿಕ್ಕಮೇಲೆ ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಜೀವಕೋಶಗಳು ನೀರು, ಉಪ್ಪು ಸುರಿಸತೊಡಗುತ್ತವೆ. ಕೆಲವೇ ದಿನಗಳಲ್ಲಿ ಕರುಳಿನ ಮೇಲ್ಮೈ ಬದಲಾಗುತ್ತದೆ. ಆಗ ಅದೇ ಬ್ಯಾಕ್ಟೀರಿಯಾ ಅದೇ ಕರುವಿನ ಹೊಟ್ಟೆ ಸೇರಿದರೂ ಹಿಡಿತ ಸಿಗುವುದು ಕಷ್ಟ. ಸಗಣಿ ಬಾಚುವ ಮನುಷ್ಯನಿಗಂತೂ ಆ ಬಗೆಯ ಸಕ್ಕರೆ ತಯಾರಿಸುವ ಶಕ್ತಿಯೇ ಇಲ್ಲ. ನಮ್ಮ ಪೂರ್ವಜರು ಆ ಜೀನನ್ನು ಲಕ್ಷಾಂತರ ವರ್ಷಗಳ ಹಿಂದೆಯೇ ಕಳೆದುಕೊಂಡರು. ಕರುವಿನಿಂದ ನಮಗೆ ಅಂಟುವ ಬೇರೆ ರೋಗಾಣುಗಳಿವೆ, ಕೈ ತೊಳೆಯುವುದನ್ನು ಮಾತ್ರ ಬಿಡಬೇಡಿ. ಆ ಸಕ್ಕರೆ ಇರುವುದರಲ್ಲಿ ಕರುವಿನ ತಪ್ಪೇನು, ಇಲ್ಲದಿರುವುದರಲ್ಲಿ ನಮ್ಮ ಪುಣ್ಯವೇನು?

ತಮಾಷೆಯೆಂದರೆ ನಾವು ತಡೆಯುವ ಗಿಣ್ಣೇ ಕರುವಿನ ಕಾವಲು. ಗಬ್ಬದ ಕೊನೆಯ ವಾರಗಳಲ್ಲಿ ಹಸುವಿಗೆ ಕೆ99 ಲಸಿಕೆ ಹಾಕಿಸಿದ್ದರೆ, ಗಿಣ್ಣಿನ ಪ್ರತಿಕಾಯಗಳು ಆ ಎಳೆಗಳನ್ನೇ ಮುತ್ತಿ ಹಿಡಿತ ತಪ್ಪಿಸುತ್ತವೆ. ಆದರೆ ಮೊದಲ ಗಂಟೆಗಳಲ್ಲೇ ಕುಡಿಸಬೇಕು. ತಿಪಟೂರಿನ ಪಕ್ಕ ಕೋನೇಹಳ್ಳಿಯಲ್ಲಿ ಕೇಂದ್ರವಿರುವ ಅಮೃತ್ ಮಹಲ್ ಹಾಲಿನ ತಳಿಯಲ್ಲ, ಗೇಯ್ಮೆಯ ತಳಿ; ಕರು ತಾಯಿಯ ಜೊತೆಗೇ ಇದ್ದು ಕುಡಿದು ಬೆಳೆಯುವುದು ಅದರ ರೂಢಿ. ಡೈರಿಗೆ ಹಾಲು ಹಾಕುವ ಮನೆಯಲ್ಲಿ ಹಾಲಿನ ತಳಿಯಾದ ಎಚ್‌ಎಫ್ ಕರು ಬೇರೆ ಗೂಟಕ್ಕೆ, ಗಿಣ್ಣು ಬೆಲ್ಲ-ಏಲಕ್ಕಿಯ ಪಾತ್ರೆಗೆ. ಗಿಣ್ಣಿನ ರುಚಿ ನನಗೂ ಗೊತ್ತು, ಬಿಡಿ.

ಈಗ ಜಾರುವ ಜಾಗ. ಅಂಟಿಕೊಳ್ಳಲು ಎರಡೂ ಕಡೆ ಬೇಕು ಎಂದ ಮೇಲೆ ರೋಗಕ್ಕೆ ಇಬ್ಬರೂ ಹೊಣೆ ಅನ್ನೋಣವೇ? ಒಂದು ಕೈಯಲ್ಲಿ ಚಪ್ಪಾಳೆಯಾಗುತ್ತದೆಯೇ ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಹೊಡೆತ ತಿಂದವರ ಬಾಯಿ ಮುಚ್ಚಿಸಲು ಅದು ಬಳಕೆಯಾದಷ್ಟು ಇನ್ನಾವುದಕ್ಕೂ ಆಗಿಲ್ಲ.

ಆ ಗುಮಾನಿಗೆ ಒಂದು ಉದಾಹರಣೆ: ಎಳೆಮಕ್ಕಳಿಗೆ ಭೇದಿ ತರುವ ಇಪೆಕ್ ಎಂಬ ಇನ್ನೊಂದು ಬಗೆಯ ಇ. ಕೋಲೈ ಇದೆ. ಅದು ಇಂಟಿಮಿನ್ ಎಂಬ ಪ್ರೋಟೀನಿನಿಂದ ಕರುಳಿನ ಜೀವಕೋಶವನ್ನು ಬಿಗಿಯಾಗಿ ಹಿಡಿಯುತ್ತದೆ. ಅದಕ್ಕೆ ಸಿಗುವ ಹಿಡಿಕೆ ಜೀವಕೋಶದ್ದೇ ಎಂದು ವಿಜ್ಞಾನಿಗಳು ಎಣಿಸಿದ್ದರು. 1997ರಲ್ಲಿ ಕೆನಡಾದ ವ್ಯಾಂಕೂವರಿನ ಬ್ರೆಟ್ ಫಿನ್ಲೇ ತಂಡ ಅದು ಬ್ಯಾಕ್ಟೀರಿಯಾದ್ದೇ ಸರಕು ಎಂದು ತೋರಿಸಿತು. ಸೂಜಿಯಾಕಾರದ ನಳಿಗೆಯಿಂದ ಟಿರ್ ಎಂಬ ಪ್ರೋಟೀನನ್ನು ಬ್ಯಾಕ್ಟೀರಿಯಾ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಟಿರ್ ಪೊರೆಯಲ್ಲಿ ನೆಟ್ಟುಕೊಂಡು ಹೊರಕ್ಕೆ ತಲೆ ಹಾಕುತ್ತದೆ; ಇಂಟಿಮಿನ್ ಹಿಡಿಯುವುದು ಅದನ್ನೇ. ಆಮೇಲೆ ಜೀವಕೋಶ ತನ್ನ ಒಳಹಂದರದ ಆಕ್ಟಿನ್ ಎಳೆಗಳನ್ನೇ ಪೇರಿಸಿ ಬ್ಯಾಕ್ಟೀರಿಯಾದ ಅಡಿಗೆ ಪೀಠ ಕಟ್ಟುತ್ತದೆ. ಸೂಕ್ಷ್ಮದರ್ಶಕದ ಚಿತ್ರವನ್ನಷ್ಟೇ ನೋಡಿದವರು, ಕರೆದು ಮಣೆ ಹಾಕಿ ಕೂರಿಸಿದ್ದಾರೆ ಎಂದೇ ಹೇಳಿಯಾರು. ಕೆಲಸ ಜೀವಕೋಶದ್ದು ನಿಜ, ಮಾಡಿಸಿದ್ದು ಬೇರೆಯವರು.

ಜೀವಕೋಶಕ್ಕೆ ಮನಸ್ಸಿಲ್ಲ, ತಪ್ಪು-ಒಪ್ಪಿನ ಮಾತೇಕೆ ಎನ್ನಬಹುದು. ಸರಿಯೇ. ಬಡಕಲು, ತಾಳಿಕೆಯಿಲ್ಲದ ಮೈ ಎಂದು ಆ ಮಾತನ್ನು ಒಳಗೆ ತುರುಕಿದವರು ನಾವು. ನಾನು ಹೊರಕ್ಕೆಳೆಯುತ್ತಿದ್ದೇನೆ, ಅಷ್ಟೆ. ರೋಗ ಹಿಡಿಯಲು ಮೈಯೂ ಒಂದು ಕಾರಣವಿರಬಹುದು. ಆದರೆ ಹೊಣೆ ಕೇಳಬೇಕಾದದ್ದು ಬೇರೆ ಮಾಡಲು ಸಾಧ್ಯವಿದ್ದವರನ್ನು. ಕರು ತನ್ನ ಕರುಳಿನ ಸಕ್ಕರೆ ಬದಲಿಸಲಾರದು, ಮಗು ಟಿರ್ ಅನ್ನು ತಡೆಯಲಾರದು. ಗಿಣ್ಣು ಬಿಡುವುದು ಯಜಮಾನನ ಕೈಯಲ್ಲಿದೆ. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದು ಪಂಚಾಯ್ತಿಯ ಕೈಯಲ್ಲಿ. ಓವರ್‌ಹೆಡ್ ಟ್ಯಾಂಕ್ ತೊಳೆದ ತಾರೀಖನ್ನು ಅದರ ಕಂಬದ ಮೇಲೆ ಬರೆಯುವ ಪದ್ಧತಿ ಇದೆ. ಬಾಣಂತಿಯ ತಟ್ಟೆ ಇಣುಕುವ ಮೊದಲು ಅದನ್ನು ಓದಿಕೊಂಡು ಬಂದು ವಿಚಾರಣೆ ಶುರುಮಾಡಿದರೆ ನನ್ನ ತಕರಾರಿಲ್ಲ.